ಕೆಂಪಾಗದ ಚರ್ಮ

ಅರಿಶಿನ ಕುಂಕುಮಕ್ಕೆ ಕರೆದ ಮನೆಯಲ್ಲಿ ನಾವು ಹೆಂಗಸರು ನಾಲ್ಕು ಜನ ಸೇರಿದರೆ ಕಾಯಿಲೆಯ ಮಾತು ಬಾರದೆ ಇರುವುದಿಲ್ಲ. ಒಬ್ಬರಿಗೆ ಮಂಡಿನೋವು, ಇನ್ನೊಬ್ಬರಿಗೆ ಸಕ್ಕರೆ ಕಾಯಿಲೆ, ಮತ್ತೊಬ್ಬರಿಗೆ ಬಿ.ಪಿ. ಗರ್ಭಕೋಶ ತೆಗೆಸಿದ ಕಥೆಯನ್ನು ಕೂಡ ಈಗ ದನಿ ತಗ್ಗಿಸದೆ ಹೇಳುತ್ತಾರೆ. ಆದರೆ ಲಂಗದ ಲಾಡಿ ಕಟ್ಟುವ ಜಾಗದಲ್ಲಿ ಎರಡು ವರ್ಷದಿಂದ ಹುಳುಕಡ್ಡಿ ಇದೆ ಎಂದು ಅಂಥ ಕಡೆ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಹೇಳುವುದಿಲ್ಲ ಎಂದ ಮಾತ್ರಕ್ಕೆ ಇಲ್ಲ ಎಂದಲ್ಲ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಅರೆಒದ್ದೆ ಲಂಗವನ್ನೇ ಉಟ್ಟು ಒಲೆಯ ಮುಂದೆ ನಿಲ್ಲುವ ಹೆಂಗಸರಿಗೆ ಅದು ಬರದೆ ಇನ್ನಾರಿಗೆ ಬಂದೀತು?

ಹೇಳದಿರುವುದಕ್ಕೆ ನಾಚಿಕೆ ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ, ‘ಪ್ರಾಣ ಹೋಗುವ ಕಾಯಿಲೆಯೇನಲ್ಲವಲ್ಲ, ತಡೆದುಕೊಂಡರಾಯಿತು’ ಎನ್ನುವ ಮಾತು. ತಡೆದುಕೊಳ್ಳುವುದನ್ನು ನಮಗೆ ಜಡೆ ಹೆಣೆಯುವುದರ ಜೊತೆಗೇ ಕಲಿಸಿರುತ್ತಾರೆ. ‘ತಾಳಿದವನು ಬಾಳಿಯಾನು’ ಎಂಬ ಗಾದೆಯಲ್ಲಿ ಇರುವುದು ಗಂಡಸು, ಅದನ್ನು ಹೇಳುವುದು ಮಾತ್ರ ಹೆಣ್ಣುಮಕ್ಕಳಿಗೆ. ಗಾದೆ ವಿಸ್ತರಿಸಿ ಬರೆಯಿರಿ ಎಂದು ಪರೀಕ್ಷೆಯಲ್ಲಿ ಕೊಟ್ಟರೆ ನನ್ನ ತರಗತಿಯ ಹುಡುಗರು ಆರು ಸಾಲಿಗೆ ಮುಗಿಸುತ್ತಾರೆ. ಹುಡುಗಿಯರು ಒಂದೂವರೆ ಪುಟ ತುಂಬಿಸುತ್ತಾರೆ. ಅವರಿಗೆ ವಿಷಯ ಗೊತ್ತು.

ಸಹನೆ ಎನ್ನುವುದು ಯಾವಾಗ ಗುಣ, ಯಾವಾಗ ಅದು ರೋಗಕ್ಕೆ ಅನ್ನ ಹಾಕುವ ಕೆಲಸ? ಈ ಪ್ರಶ್ನೆಗೆ ಉತ್ತರವನ್ನು ಪುರಾಣಗಳಲ್ಲಿ ಹುಡುಕುವವರಿದ್ದಾರೆ. ನಾನು ಅದನ್ನು ಯೋಚಿಸಲು ತೊಡಗಿದ್ದು ಹುಳುಕಡ್ಡಿಯ ದೆಸೆಯಿಂದ. ನಗಬೇಡಿ. ಇಷ್ಟು ಸಣ್ಣ ರೋಗದ ಮುಂದೆ ನಮ್ಮ ದೇಹ ಹೇಗೆ ನಡೆದುಕೊಳ್ಳುತ್ತದೆ ಎಂದು ತಿಳಿದರೆ ನೀವೂ ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತೀರಿ.

ನಾನು ಕನ್ನಡ, ಸಮಾಜ ಪಾಠ ಹೇಳುವವಳು. ವಿಜ್ಞಾನ ನನ್ನ ವಿಷಯವಲ್ಲ. ಆದರೆ ನನ್ನ ಅಣ್ಣನ ಮಗಳು ಚರ್ಮರೋಗದ ವೈದ್ಯೆ. ರಜೆಗೆ ಬಂದಾಗ ನಾನು ಕೇಳಿದ್ದಕ್ಕೆಲ್ಲ ಉತ್ತರ ಹೇಳುವ ತಾಳ್ಮೆ ಅವಳಿಗಿದೆ. ಅವಳು ಹೇಳಿದ್ದನ್ನು, ಆಮೇಲೆ ನಾನು ಓದಿಕೊಂಡದ್ದನ್ನು ನನಗೆ ತಿಳಿದ ಮಾತಿನಲ್ಲಿ ಇಲ್ಲಿ ಹೇಳುತ್ತೇನೆ.

ಹೆಸರು ಹುಳುಕಡ್ಡಿಯಾದರೂ ಅದರಲ್ಲಿ ಹುಳು ಇಲ್ಲ. ಇಂಗ್ಲಿಷಿನವರೂ ಅದನ್ನು ಉಂಗುರದ ಹುಳು ಎಂದೇ ಕರೆದರು. ಸಂಸ್ಕೃತದಲ್ಲಿ ಅದು ದದ್ರು. ನಮ್ಮ ಹಿತ್ತಲಲ್ಲಿ ಮಳೆಗಾಲಕ್ಕೆ ತಾನಾಗಿ ಏಳುವ ತಗಚೆ ಗಿಡಕ್ಕೆ ಚಕ್ರಮರ್ದ ಎಂಬ ಹೆಸರಿದೆ, ಅಂದರೆ ಚಕ್ರವನ್ನು ಅರೆದು ಹಾಕುವಂಥದು. ಚಕ್ರ ಎಂದರೆ ಈ ಉಂಗುರವೇ. ಇದು ಹುಳುವಲ್ಲ, ಬೂಷ್ಟು, ಹಳೆಯ ಉಪ್ಪಿನಕಾಯಿಯ ಮೇಲೆ ಬರುವುದರ ದಾಯಾದಿ ಎಂದು ಗೊತ್ತಾಗಿ ಇನ್ನೂರು ವರ್ಷ ಕೂಡ ಆಗಿಲ್ಲ. 1841ರಲ್ಲಿ ಪ್ಯಾರಿಸಿನಲ್ಲಿದ್ದ ಡೇವಿಡ್ ಗ್ರೂಬಿ ಎಂಬ ವೈದ್ಯ, ಮಕ್ಕಳ ತಲೆಯಲ್ಲಿ ಆಗುವ ಇಂಥದೊಂದು ರೋಗಕ್ಕೆ ಶಿಲೀಂಧ್ರವೇ ಕಾರಣವೆಂದು ಸೂಕ್ಷ್ಮದರ್ಶಕದಲ್ಲಿ ಕಂಡ. ಕ್ಷಯದ ಕ್ರಿಮಿಯನ್ನು ಕಾಕ್ ತೋರಿಸಿದ್ದು 1882ರಲ್ಲಿ. ಅದಕ್ಕಿಂತ ನಲವತ್ತು ವರ್ಷ ಮೊದಲೇ ಈ ಬಡ ರೋಗದ ಕಾರಣ ತಿಳಿದಿತ್ತು ಎಂದಾಯಿತು.

ಈ ಬೂಷ್ಟು ತಿನ್ನುವುದು ಕೆರಾಟಿನ್ ಎಂಬ ಪದಾರ್ಥವನ್ನು. ನಮ್ಮ ಕೂದಲು, ಉಗುರು, ಚರ್ಮದ ಮೇಲ್ಪದರ ಎಲ್ಲ ಅದರಿಂದಲೇ ಆದದ್ದು. ಆ ಮೇಲ್ಪದರದಲ್ಲಿ ಇರುವುದೆಲ್ಲ ಸತ್ತ ಜೀವಕೋಶಗಳು. ಅಣ್ಣನ ಮಗಳು ನನಗೆ ಅರ್ಥವಾಗಲೆಂದು ಹೇಳಿದಳು: ‘ಅತ್ತೆ, ಹಿಂದೆ ನಮ್ಮ ಊರಿನ ಮನೆಗೆ ಅಡಿಕೆ ಸೋಗೆ ಹೊದಿಸುತ್ತಿದ್ದರಂತಲ್ಲ, ಹಾಗೆ ಅಂದುಕೊ. ಜನ ಇರುವುದು ಕೆಳಗೆ. ಬೂಷ್ಟು ಇರುವುದು ಸೋಗೆಯಲ್ಲಿ. ಒಳಗೆ ಇಳಿಯುವುದಿಲ್ಲ. ಆದರೆ ರಕ್ತವೂ ಸೋಗೆಯವರೆಗೆ ಹತ್ತುವುದಿಲ್ಲ.’

ಇದೇ ಇಲ್ಲಿಯ ಕಷ್ಟ. ಬೇರೆ ರೋಗ ಬಂದರೆ ರಕ್ತದಲ್ಲಿರುವ ಬಿಳಿಯ ಕಣಗಳು ನೇರ ಅಲ್ಲಿಗೆ ಹೋಗಿ ಹೋರಾಡುತ್ತವೆ. ಇಲ್ಲಿ ಕಳ್ಳ ಮಾಡಿನ ಮೇಲೆ ಕೂತಿದ್ದಾನೆ. ಆದರೂ ದೇಹ ಕೈಕಟ್ಟಿ ಕೂರುವುದಿಲ್ಲ. ಚರ್ಮದ ಜೀವಂತ ಕೋಶಗಳಿಗೆ ಶಿಲೀಂಧ್ರದ ಮೈಯ ಗುರುತು ಹತ್ತುತ್ತದೆ. ಅವು ತಾವೇ ಕೆಲವು ಕ್ರಿಮಿನಾಶಕ ರಸಗಳನ್ನು ಸುರಿಸುತ್ತವೆ, ರಾಸಾಯನಿಕಗಳ ಮೂಲಕ ನೆರೆಹೊರೆಗೆ ಕೂಗು ಹಾಕುತ್ತವೆ. ರಕ್ತನಾಳಗಳು ಹಿಗ್ಗುತ್ತವೆ, ಜಾಗ ಕೆಂಪಾಗುತ್ತದೆ, ಬಿಸಿಯಾಗುತ್ತದೆ, ತುರಿಸುತ್ತದೆ. ಬಿಳಿಯ ಕಣಗಳಲ್ಲಿ ಟಿ-ಕಣ ಎಂಬವು ಬಂದು ಈ ಶತ್ರುವಿನ ನೆನಪು ಇಟ್ಟುಕೊಳ್ಳುತ್ತವೆ. ಅವುಗಳ ಹೇಳಿಕೆಯಂತೆ ಚರ್ಮ ತನ್ನ ಸೋಗೆಯನ್ನು ಬೇಗ ಬೇಗ ಬದಲಾಯಿಸುತ್ತದೆ. ಚರ್ಮದ ಮೇಲ್ಪದರ ಪೂರ್ತಿ ಹೊಸದಾಗಲು ಸಾಮಾನ್ಯವಾಗಿ ಸುಮಾರು ನಾಲ್ಕು ವಾರ ಬೇಕು. ಈಗ ಅದು ಅವಸರ ಮಾಡುತ್ತದೆ. ಬೂಷ್ಟು ತಿಂದು ಮುಗಿಸುವ ಮೊದಲೇ ಹಳೆಯದನ್ನು ಹೊಟ್ಟಾಗಿ ಉದುರಿಸುತ್ತದೆ. ನಡುವೆ ತಿಳಿಯಾಗಿ ಅಂಚಿನಲ್ಲಿ ಕೆಂಪಾಗಿ ಕಾಣುವ ಆ ಉಂಗುರ, ಹಿಂದೆ ಹಿಂದೆಯೇ ದೇಹ ಗುಡಿಸುತ್ತ ಬರುವಾಗ ಬೂಷ್ಟು ಹೊರಕ್ಕೆ ಓಡಿದ ದಾರಿ.

ಇಲ್ಲಿಯವರೆಗೆ ಇದು ಪಾಠಪುಸ್ತಕ. ನನ್ನ ಮನಸ್ಸಿಗೆ ನಾಟಿದ್ದು ಮುಂದಿನ ಮಾತು.

ಈ ಜಾತಿಯ ಶಿಲೀಂಧ್ರಗಳಲ್ಲಿ ಕೆಲವು ದನ, ಬೆಕ್ಕು, ನಾಯಿಗಳ ಮೈಮೇಲೆ ಇರುವಂಥವು. ಕೆಲವು ಮನುಷ್ಯರ ಮೇಲೆ ಬಾಳುವುದನ್ನೇ ರೂಢಿ ಮಾಡಿಕೊಂಡವು. ಕೊಟ್ಟಿಗೆಯಲ್ಲಿ ಕರುವಿನಿಂದ ಹತ್ತಿದ್ದು ಬಹಳ ಜೋರು. ಮೈ ಊದುತ್ತದೆ, ಕೀವಾಗುತ್ತದೆ, ನೋಡಿದವರು ಹೆದರುತ್ತಾರೆ. ಆದರೆ ಅದು ಹೆಚ್ಚು ದಿನ ನಿಲ್ಲುವುದಿಲ್ಲ, ಎಷ್ಟೋ ಸಲ ತಾನೇ ವಾಸಿಯಾಗುತ್ತದೆ. ಮನುಷ್ಯನಿಂದ ಮನುಷ್ಯನಿಗೆ ಬರುವಂಥದು ಸೌಮ್ಯ. ಸ್ವಲ್ಪ ಕೆಂಪು, ಸ್ವಲ್ಪ ತುರಿಕೆ, ಸ್ವಲ್ಪ ಹೊಟ್ಟು. ಅದು ವರ್ಷಗಟ್ಟಲೆ ಇರುತ್ತದೆ. ಪ್ಯಾರಿಸಿನ ಸೇಂಟ್ ಲೂಯಿ ಆಸ್ಪತ್ರೆಯಲ್ಲಿ ಈ ರೋಗಗಳಿಗಾಗಿಯೇ ಆಯುಷ್ಯ ತೇಯ್ದ ರೇಮಂಡ್ ಸಾಬೂರೋ 1910ರಲ್ಲಿ ಒಂದು ದೊಡ್ಡ ಗ್ರಂಥ ಬರೆದ. ಪ್ರಾಣಿಗಳಿಂದ ಬಂದ ಶಿಲೀಂಧ್ರ ಮನುಷ್ಯನ ಮೈಯಲ್ಲಿ ಹೆಚ್ಚು ಉರಿ ಎಬ್ಬಿಸುತ್ತದೆ ಎಂದು ಕಂಡುಕೊಂಡವರಲ್ಲಿ ಅವನು ಮುಖ್ಯನಾದವನು. ಅವನ ಹೆಸರಿನ ಆಹಾರದ ಮೇಲೆಯೇ ಇಂದಿಗೂ ಪ್ರಯೋಗಾಲಯಗಳಲ್ಲಿ ಶಿಲೀಂಧ್ರ ಬೆಳೆಸುತ್ತಾರೆ.

ಸೌಮ್ಯವಾದದ್ದು ಏಕೆ ಹೋಗುವುದಿಲ್ಲ? ಅದು ಸೌಮ್ಯವಾಗಿರುವುದರಿಂದಲೇ. ಟ್ರೈಕೋಫೈಟಾನ್ ರೂಬ್ರಮ್ ಎಂಬ ಶಿಲೀಂಧ್ರದ ಮೈಯಲ್ಲಿ ಒಂದು ಬಗೆಯ ಸಕ್ಕರೆಯ ಅಂಶವಿದೆ. ಅದು ಟಿ-ಕಣಗಳ ಕೆಲಸವನ್ನು ತಗ್ಗಿಸುತ್ತದೆ, ಚರ್ಮ ಹೊಸದಾಗುವ ವೇಗವನ್ನೂ ನಿಧಾನ ಮಾಡುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ಅಂದರೆ ಅದು ಮನೆಯವರನ್ನು ಎಬ್ಬಿಸದೆ ತಿನ್ನುವುದನ್ನು ಕಲಿತಿದೆ. ನಮ್ಮ ಜೊತೆ ಸಾವಿರಾರು ವರ್ಷ ಬಾಳಿ ನಮ್ಮ ಸ್ವಭಾವ ತಿಳಿದುಕೊಂಡಿದೆ. ಹೊರಗಿನವನ ಕಾಟಕ್ಕೆ ಊರೇ ಏಳುತ್ತದೆ. ಒಳಗಿನವನ ಕಾಟ ಊಟದ ಹೊತ್ತಿಗೆ ಮರೆತೇ ಹೋಗಿರುತ್ತದೆ. ಇದನ್ನು ನಾನು ಹೆಂಗಸರಿಗೆ ಬಿಡಿಸಿ ಹೇಳಬೇಕಾಗಿಲ್ಲ.

‘ಹಾಗಾದರೆ ಕೋಪ ಮಾಡಿಕೊಳ್ಳುವ ದೇಹವೇ ಒಳ್ಳೆಯದು ಅನ್ನು’ ಎಂದೆ ನಾನು. ಅಣ್ಣನ ಮಗಳು ತಲೆಯಾಡಿಸಿದಳು. ‘ಯಾವ ಕೋಪ ಎನ್ನುವುದರ ಮೇಲೆ ಇದೆ ಅತ್ತೆ’ ಎಂದಳು.

ಕ್ಷಯದ ಪರೀಕ್ಷೆಗೆ ಮುಂಗೈಗೆ ಸೂಜಿ ಚುಚ್ಚಿ ಎರಡು ದಿನ ಬಿಟ್ಟು ನೋಡುತ್ತಾರೆ, ನಿಮಗೆ ಗೊತ್ತು. ಹಾಗೆಯೇ ಈ ಶಿಲೀಂಧ್ರದ ಸಾರವನ್ನು ಚರ್ಮಕ್ಕೆ ಚುಚ್ಚಿ ನೋಡಿದ್ದಾರೆ. ಕೆಲವರಿಗೆ ಇಪ್ಪತ್ತು ನಿಮಿಷದೊಳಗೆ ದದ್ದು ಏಳುತ್ತದೆ, ವಿಪರೀತ ತುರಿಸುತ್ತದೆ, ಆಮೇಲೆ ತಣ್ಣಗಾಗುತ್ತದೆ. ಕೆಲವರಿಗೆ ಆಗ ಏನೂ ಆಗುವುದಿಲ್ಲ. ಎರಡು ದಿನ ಕಳೆದು ಆ ಜಾಗ ಗಟ್ಟಿಯಾಗಿ ಕೆಂಪಾಗುತ್ತದೆ. ಈ ತಡವಾದ ಕೆಂಪು ಟಿ-ಕಣಗಳ ಕೆಲಸ. ವಾಸಿಯಾಗುವವರಲ್ಲಿ ಹೆಚ್ಚಾಗಿ ಕಾಣುವುದು ಈ ತಡವಾದ ಕೆಂಪು. ವರ್ಷಗಟ್ಟಲೆ ನರಳುವವರಲ್ಲಿ ಹೆಚ್ಚಾಗಿ ಕಾಣುವುದು ಆ ಕೂಡಲೇ ಏಳುವ ದದ್ದು. ಅವರ ರಕ್ತದಲ್ಲಿ ಶಿಲೀಂಧ್ರದ ವಿರುದ್ಧ ಪ್ರತಿಕಾಯಗಳು ಇಲ್ಲ ಎಂದಲ್ಲ, ಬೇಕಾದಷ್ಟು ಇರುತ್ತವೆ. ಅವುಗಳಿಂದ ರೋಗ ಹೋಗುವುದಿಲ್ಲ.

ಈ ಮಾತು ಕೇಳಿದ ದಿನ ನಾನು ಬಹಳ ಹೊತ್ತು ಅದನ್ನೇ ಮೆಲುಕು ಹಾಕಿದೆ. ಕೂಡಲೇ ಏಳುವ ಕೋಪ ನಮಗೆಲ್ಲ ಗೊತ್ತು. ಪಾತ್ರೆ ಎತ್ತಿ ಕುಕ್ಕುತ್ತೇವೆ, ಮಗುವಿನ ಬೆನ್ನಿಗೆ ಎರಡು ಬಿಡುತ್ತೇವೆ, ದೇವರ ಮುಂದೆ ನಿಂತು ಗೊಣಗುತ್ತೇವೆ. ಇಪ್ಪತ್ತು ನಿಮಿಷಕ್ಕೆ ಮುಗಿಯಿತು. ಆ ಕೋಪದಿಂದ ತುರಿಕೆ ಹೆಚ್ಚುತ್ತದೆಯೇ ಹೊರತು ಬೂಷ್ಟು ಅಲ್ಲಿಯೇ ಇರುತ್ತದೆ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಾರದು ಎಂದು ಹಿರಿಯರು ಹೆದರಿಸಿದ್ದು ಈ ಕೋಪವನ್ನು ಕುರಿತು. ಇನ್ನೊಂದು ಬಗೆಯ ಕೋಪ ಇದೆ. ಅದಕ್ಕೆ ನೆನಪಿದೆ. ಅದು ಯೋಚಿಸಿ ತಡವಾಗಿ ಬರುತ್ತದೆ, ಬಂದ ಮೇಲೆ ಕೆಲಸ ಮುಗಿಯುವವರೆಗೆ ಹೋಗುವುದಿಲ್ಲ. ನಮ್ಮ ಹಿರಿಯರು ಮೊದಲನೆಯದನ್ನು ದುರ್ಗುಣವೆಂದು ಬೈದರು, ಎರಡನೆಯದಕ್ಕೆ ಹೆಸರೇ ಇಡಲಿಲ್ಲ. ಹೆಸರಿಲ್ಲದ್ದರಿಂದ ನಾವು ಎರಡನ್ನೂ ಒಂದೇ ಬುಟ್ಟಿಗೆ ಹಾಕಿ, ಕೋಪವೇ ಬೇಡ, ಸಹನೆಯೇ ಸರಿ ಎಂದುಕೊಂಡೆವು.

ಕೋಪವನ್ನು ಅಡಗಿಸುವ ಔಷಧಿಯೂ ಇದೆ. ಅದರ ಕಥೆ ಹೇಳಬೇಕು. ನನ್ನ ವಾರಗಿತ್ತಿಗೆ ಸೊಂಟದಲ್ಲಿ ರೂಪಾಯಿ ಅಗಲದ ಉಂಗುರ ಎದ್ದಾಗ ಔಷಧಿ ಅಂಗಡಿಯಿಂದ ಒಂದು ಟ್ಯೂಬು ತರಿಸಿ ಹಚ್ಚಿದಳು. ಎರಡೇ ದಿನಕ್ಕೆ ತುರಿಕೆ ನಿಂತಿತು, ಕೆಂಪು ಹೋಯಿತು. ‘ಅಕ್ಕಾ, ಅಮೃತ ಇದ್ದ ಹಾಗಿದೆ’ ಎಂದಳು. ಬಿಟ್ಟ ವಾರಕ್ಕೆ ಮತ್ತೆ ಬಂತು, ಮತ್ತೆ ಹಚ್ಚಿದಳು. ಒಂದೂವರೆ ವರ್ಷದಲ್ಲಿ ಉಂಗುರ ಸೊಂಟದಿಂದ ತೊಡೆಗೆ, ತೊಡೆಯಿಂದ ಬೆನ್ನಿಗೆ ಹೋಗಿತ್ತು. ಚರ್ಮ ಈರುಳ್ಳಿ ಸಿಪ್ಪೆಯಂತೆ ತೆಳುವಾಗಿ ಬಸುರಿನ ಗೆರೆಗಳಂಥ ಗೆರೆ ಬಿದ್ದಿದ್ದವು. ಆ ಟ್ಯೂಬಿನಲ್ಲಿ ಶಿಲೀಂಧ್ರದ ಔಷಧಿಯ ಜೊತೆಗೆ ಸ್ಟೀರಾಯ್ಡ್ ಬೆರೆಸಿತ್ತು. ಸ್ಟೀರಾಯ್ಡ್ ಶಿಲೀಂಧ್ರವನ್ನು ಮುಟ್ಟುವುದಿಲ್ಲ, ಅದು ಅಡಗಿಸುವುದು ನಮ್ಮ ದೇಹದ ಪ್ರತಿಭಟನೆಯನ್ನು. ಬೇರೆ ಕೆಲವು ರೋಗಗಳಲ್ಲಿ ಅದು ದೊಡ್ಡ ಔಷಧಿ. ಇಲ್ಲಿ ಮಾತ್ರ ಕಳ್ಳ ಬಂದಾಗ ನಾಯಿಯ ಬಾಯಿ ಕಟ್ಟಿದ ಹಾಗೆ. ಮನೆ ನಿಶ್ಶಬ್ದ. ಮನೆಯವರು ಕಳ್ಳ ಹೋದನೆಂದು ಮಲಗುತ್ತಾರೆ.

1968ರಲ್ಲಿ ಬ್ರಿಟನ್ನಿನ ಇಬ್ಬರು ವೈದ್ಯರು ಹೀಗೆ ಸ್ಟೀರಾಯ್ಡ್ ಹಚ್ಚಿ ರೂಪ ಬದಲಾದ ಹುಳುಕಡ್ಡಿಗೆ, ವೇಷ ಮರೆಸಿಕೊಂಡದ್ದು ಎಂಬ ಅರ್ಥದ ಹೆಸರಿಟ್ಟರು. ನಮ್ಮ ಭಾಷೆಯಲ್ಲಾದರೆ ಅಜ್ಞಾತವಾಸದ ಹುಳುಕಡ್ಡಿ ಎನ್ನಬಹುದು. ಪಾಂಡವರ ಅಜ್ಞಾತವಾಸ ಒಂದು ವರ್ಷಕ್ಕೆ ಮುಗಿಯಿತು, ಇದು ಮುಗಿಯುವುದಿಲ್ಲ. ಈ ಮುಲಾಮುಗಳ ದುರುಪಯೋಗದ ಬಗ್ಗೆ ಚರ್ಮವೈದ್ಯರು ಕೂಗು ಹಾಕಿದ ಮೇಲೆ 2018ರಲ್ಲಿ ಕೇಂದ್ರ ಸರ್ಕಾರ ಹದಿನಾಲ್ಕು ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. 2020ರಲ್ಲಿ ಜಪಾನಿನ ಸಂಶೋಧಕರು ಭಾರತ, ನೇಪಾಳದ ರೋಗಿಗಳಲ್ಲಿ ಕಂಡ ಒಂದು ಶಿಲೀಂಧ್ರವನ್ನು ಬೇರೆಯೇ ಜಾತಿ ಎಂದು ಗುರುತಿಸಿ ಟ್ರೈಕೋಫೈಟಾನ್ ಇಂಡೋಟೀನಿಯೆ ಎಂದು ಕರೆದರು. ನಮ್ಮ ದೇಶದ ಹೆಸರು ಅದರಲ್ಲಿ ಸೇರಿಕೊಂಡಿದೆ. ಹೆಮ್ಮೆ ಪಡುವಂಥ ಸಂಗತಿಯೇನಲ್ಲ. ಟರ್ಬಿನಫಿನ್ ಎಂಬ ಹೆಸರಾಂತ ಔಷಧಿಗೂ ಅದು ಎಷ್ಟೋ ಸಲ ಜಗ್ಗುವುದಿಲ್ಲ.

ಕೆಂಪು ರೋಗವಲ್ಲ, ರೋಗದ ಮೇಲಿನ ದೂರು ಎಂಬುದು ಇದರಿಂದ ನನಗೆ ಸ್ಪಷ್ಟವಾಯಿತು. ಮನೆಗಳಲ್ಲಿಯೂ ನಾವು ಇದೇ ಟ್ಯೂಬು ಹಚ್ಚುತ್ತೇವೆ. ಸೊಸೆ ಅತ್ತಳು ಎಂದರೆ ಅಳು ನಿಲ್ಲಿಸಲು ಒಂದು ಸೀರೆ ತರುತ್ತೇವೆ. ಹುಡುಗಿ ಆ ಮನೆಗೆ ಟ್ಯೂಷನ್ನಿಗೆ ಹೋಗುವುದಿಲ್ಲ ಎಂದು ಹಟ ಮಾಡಿದರೆ ಹಟವನ್ನು ಬಿಡಿಸುತ್ತೇವೆ, ಕಾರಣ ಕೇಳುವುದಿಲ್ಲ. ತುರಿಕೆ ನಿಂತಿತು, ಎಲ್ಲ ಸರಿಹೋಯಿತು ಎನ್ನುತ್ತೇವೆ. ಉಂಗುರ ಮಾತ್ರ ಹಿಗ್ಗುತ್ತಲೇ ಇರುತ್ತದೆ.

ಇದಕ್ಕೆ ಎದುರು ಮಾತು ಇಲ್ಲವೆಂದಲ್ಲ. ನಮ್ಮ ಬೀದಿಯ ಹಿರಿಯರೊಬ್ಬರು ಇದನ್ನೆಲ್ಲ ಕೇಳಿ, ‘ಎಲ್ಲದಕ್ಕೂ ಹೀಗೆ ಕೆಂಪಾಗುತ್ತಾ ಹೋದರೆ ಸಂಸಾರ ನಡೆದೀತೇನಮ್ಮ?’ ಎಂದರು. ಅವರ ಮಾತಿನಲ್ಲಿ ಸತ್ಯವಿದೆ. ದೇಹವೂ ಅವರ ಪರವಾಗಿ ಸಾಕ್ಷಿ ಹೇಳುತ್ತದೆ. ನಮ್ಮ ಚರ್ಮದ ಮೇಲೆ ಲೆಕ್ಕವಿಲ್ಲದಷ್ಟು ಸೂಕ್ಷ್ಮಜೀವಿಗಳಿವೆ. ತಲೆಯ ಎಣ್ಣೆಯಂಶ ತಿಂದು ಬದುಕುವ ಶಿಲೀಂಧ್ರ ಕೂಡ ಹೆಚ್ಚು ಕಡಿಮೆ ಎಲ್ಲರ ಮೈಮೇಲೂ ಇದೆ. ದೇಹ ಅವನ್ನು ಓಡಿಸಲು ಹೋಗುವುದಿಲ್ಲ, ಅವುಗಳಲ್ಲಿ ಎಷ್ಟೋ ಬೇರೆ ಕ್ರಿಮಿಗಳಿಗೆ ಜಾಗ ಕೊಡದೆ ಉಪಕಾರವನ್ನೂ ಮಾಡುತ್ತವೆ. ಎಲ್ಲರ ಮೇಲೂ ಹರಿಹಾಯುವ ದೇಹ ತನ್ನನ್ನೇ ತಿನ್ನತೊಡಗುತ್ತದೆ. ಅಂಥ ರೋಗಗಳೂ ಇವೆ, ಅವು ಹೆಂಗಸರಲ್ಲೇ ಹೆಚ್ಚು. ಆದ್ದರಿಂದ ಸಹನೆಯೇ ಬೇಡ ಎಂದು ನಾನು ಹೇಳುವುದಿಲ್ಲ. ಅತಿಥಿ ಮನೆಯಲ್ಲಿ ಉಣ್ಣುತ್ತಾನೋ, ಮನೆಯನ್ನೇ ಉಣ್ಣುತ್ತಾನೋ ಎಂದು ನೋಡಬೇಕು, ಅಷ್ಟೆ. ಮೊದಲನೆಯವನನ್ನು ಸಹಿಸುವುದು ದೊಡ್ಡತನ. ಎರಡನೆಯವನನ್ನು ಸಹಿಸುವುದಕ್ಕೆ ಸಹನೆ ಎಂಬ ಹೆಸರು ಸಲ್ಲದು.

ಇನ್ನೊಂದು ಎಚ್ಚರಿಕೆಯನ್ನೂ ಹೇಳಬೇಕು. ದೇಹದಿಂದ ನೀತಿ ಕಲಿಯಬಹುದು, ದೇಹದ ಮೇಲೆ ನೀತಿ ಹೇರಬಾರದು. ಹುಳುಕಡ್ಡಿ ವಾಸಿಯಾಗದವರು ಕೊಳಕರೂ ಅಲ್ಲ, ಹೇಡಿಗಳೂ ಅಲ್ಲ. ಸಕ್ಕರೆ ಕಾಯಿಲೆಯವರಿಗೆ, ಬೇರೆ ರೋಗಕ್ಕಾಗಿ ನಿರೋಧಕ ಶಕ್ತಿ ತಗ್ಗಿಸುವ ಔಷಧಿ ನುಂಗುವವರಿಗೆ ಅದು ಬೇಗ ಹೋಗುವುದಿಲ್ಲ. ಕೆಲವರಿಗೆ ಹುಟ್ಟಿನಿಂದಲೇ ಈ ಒಂದು ಶತ್ರುವಿನ ಗುರುತು ಹಿಡಿಯುವ ಶಕ್ತಿ ಕಡಿಮೆ. ದಿನವಿಡೀ ನೀರಿನಲ್ಲಿ ಕೈಕಾಲು ನೆನೆಸಿ ದುಡಿಯುವ ಹೆಂಗಸಿಗೆ ಒಣಗಿದ ಬಟ್ಟೆಯೇ ಭಾಗ್ಯ. ಅವರಿಗೆ ಉಪದೇಶ ಬೇಕಾಗಿಲ್ಲ, ಸರಿಯಾದ ಔಷಧಿ ಬೇಕು, ಬಟ್ಟೆ ಒಣಗಿಸಲು ಬಿಸಿಲು ಬೀಳುವ ಜಾಗ ಬೇಕು.

ಸಹನೆಗೆ ತ್ಯಾಗ ಎಂಬ ಇನ್ನೊಂದು ಅಲಂಕಾರ ಮಾಡುತ್ತೇವೆ. ಅಲ್ಲಿಯೇ ನಷ್ಟ ಹೆಚ್ಚು. ಈ ರೋಗ ಟವೆಲಿನಿಂದ, ಹಾಸಿಗೆಯಿಂದ, ಒಟ್ಟಿಗೆ ನೆನೆಹಾಕಿದ ಬಟ್ಟೆಯಿಂದ ಮನೆಯಲ್ಲಿ ಸುತ್ತುತ್ತದೆ. ಇದ್ದವರೆಲ್ಲ ಒಂದೇ ಸಲ ಔಷಧಿ ಮಾಡಬೇಕು, ಕಲೆ ಕಾಣದಾದ ಮೇಲೂ ವೈದ್ಯರು ಹೇಳಿದಷ್ಟು ವಾರ ಬಿಡದೆ ಮಾಡಬೇಕು. ತುರಿಕೆ ನಿಲ್ಲುವುದು ಗುಣವಾದಂತೆ ಅಲ್ಲ. ಆದರೆ ನಮ್ಮ ಮನೆಗಳಲ್ಲಿ ಆಗುವುದು ಏನು? ಗಂಡನಿಗೆ ಕಚೇರಿಯಲ್ಲಿ ಅವಮಾನವೆಂದು ಮೊದಲು ಅವನಿಗೆ. ಮಗನಿಗೆ ಹಾಸ್ಟೆಲಿನಲ್ಲಿ ತೊಂದರೆಯೆಂದು ಆಮೇಲೆ ಅವನಿಗೆ. ಮಗಳಿಗೆ ಮದುವೆಯ ವಯಸ್ಸೆಂದು ಅವಳಿಗೆ. ದುಬಾರಿ ಮಾತ್ರೆ, ತನಗೇಕೆ ಎಂದು ತಾಯಿ ತನ್ನದನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಾಳೆ. ಮೂರು ತಿಂಗಳಿಗೆ ಎಲ್ಲರಿಗೂ ಮತ್ತೆ ಬರುತ್ತದೆ. ಎಲ್ಲಿಂದ ಬಂತು? ಅವಳು ಮುಚ್ಚಿಟ್ಟ ಜಾಗದಿಂದ. ಯಾರಿಗಾಗಿ ಅವಳು ತಡೆದುಕೊಂಡಳೋ ಅವರಿಗೇ ಅದು ತಿರುಗಿ ಹೋಯಿತು. ಅವಳು ತನಗಾಗಿ ಕೇಳಿದ್ದರೆ ಅದು ಸ್ವಾರ್ಥವಾಗುತ್ತಿರಲಿಲ್ಲ, ಮನೆಗೇ ಮಾಡಿದ ಉಪಕಾರವಾಗುತ್ತಿತ್ತು.

ಅಣ್ಣನ ಮಗಳು ತನ್ನ ದವಾಖಾನೆಯಲ್ಲಿ ಒಂದು ಕ್ರಮ ಇಟ್ಟುಕೊಂಡಿದ್ದಾಳೆ. ಗಂಡನನ್ನೋ ಮಕ್ಕಳನ್ನೋ ಹುಳುಕಡ್ಡಿಗೆಂದು ಕರೆತಂದ ಹೆಂಗಸಿಗೆ ಚೀಟಿ ಬರೆದು ಕೊಡುವ ಮೊದಲು ಅವಳು ಕೇಳುತ್ತಾಳೆ: ‘ನಿಮಗೆ?’ ಹೆಚ್ಚಿನವರು ಇಲ್ಲ ಎನ್ನುತ್ತಾರೆ. ಅವಳು ಚೀಟಿಯನ್ನು ಕೊಡದೆ ಪೆನ್ನು ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತಾಳಂತೆ. ಆಗ ಅವರು ಗಂಡನನ್ನು, ‘ನೀವು ಹೊರಗೆ ಕೂತಿರಿ’ ಎಂದು ಕಳಿಸುತ್ತಾರಂತೆ.